ಕಟಕಟೆಯೊಳಗೆ ನಿಂತ ವಕೀಲ

ವಕೀಲಿ ವೃತ್ತಿಯಿಂದ ನಿವೃತ್ತನಾದ ಮೇಲೆ ವಕೀಲರ ಆತ್ಮಕಥೆಗಳನ್ನು ಓದುವ ಚಟ ನನಗೆ ಅಂಟಿಕೊಂಡಿತು. ಅವುಗಳಲ್ಲಿ ಹೆಚ್ಚಿನವು ಗೆದ್ದ ಮೊಕದ್ದಮೆಗಳ ಯಾದಿ. ಮನೆಯವರ ಹೆಸರು ಅರ್ಪಣೆಯ ಪುಟದಲ್ಲಿ ಬಂದು ಅಲ್ಲಿಯೇ ಉಳಿಯುತ್ತದೆ. ಅಮೆರಿಕದ ಕ್ಲಾರೆನ್ಸ್ ಡ್ಯಾರೋ ಅವರು 1932ರಲ್ಲಿ, ಎಪ್ಪತ್ತೈದರ ಅಂಚಿನಲ್ಲಿದ್ದಾಗ, ಪ್ರಕಟಿಸಿದ ಜೀವನಕಥೆಯೂ ಅದೇ ಜಾತಿಯದಿರಬೇಕೆಂದು ಭಾವಿಸಿ ಕೈಗೆತ್ತಿಕೊಂಡೆ. ನನ್ನ ಊಹೆ ಅರ್ಧ ಮಾತ್ರ ನಿಜವಾಯಿತು.

ಡ್ಯಾರೋ ಹುಟ್ಟಿದ್ದು 1857ರಲ್ಲಿ, ಒಹಾಯೋ ರಾಜ್ಯದ ಈಶಾನ್ಯ ಮೂಲೆಯಲ್ಲಿ. ಬೆಳೆದದ್ದು ಅಲ್ಲಿಯ ಕಿನ್ಸ್‌ಮನ್ ಎಂಬ ಹಳ್ಳಿಯಲ್ಲಿ. ತಂದೆ ಅಮೈರಸ್ ಮೇಜು ಕುರ್ಚಿಗಳನ್ನು ಮಾಡುತ್ತಿದ್ದರು, ಶವಪೆಟ್ಟಿಗೆಗಳನ್ನೂ ಮಾಡುತ್ತಿದ್ದರು. ದೈವಭಕ್ತರ ಊರಿನಲ್ಲಿ ನಂಬದವರೆಂದು ಹೆಸರಾಗಿದ್ದ ಆ ಪುಸ್ತಕಪ್ರಿಯರಿಗೆ ಉಳಿಗಿಂತ ಓದಿನಲ್ಲಿಯೇ ಹೆಚ್ಚು ಪ್ರೀತಿ. ಮರಣದಂಡನೆಯ ವಿರುದ್ಧ ಜೀವಮಾನವೆಲ್ಲ ಹೋರಾಡಿದವನಿಗೂ ಬಾಲ್ಯದ ಆ ಪೆಟ್ಟಿಗೆಗಳಿಗೂ ಸಂಬಂಧ ಕಲ್ಪಿಸುವುದು ಸುಲಭ. ಆದರೆ ಸಾಕ್ಷ್ಯವಿಲ್ಲದ ಸಂಬಂಧವನ್ನು ಒಪ್ಪುವ ಅಭ್ಯಾಸ ನನಗಿಲ್ಲ. ತಾಯಿ ಎಮಿಲಿ ತೀರಿಕೊಂಡಾಗ ಹುಡುಗನಿಗೆ ಹದಿನೈದು ವರ್ಷ.

1878ರಲ್ಲಿ ಸನದು ಪಡೆದು ಸಣ್ಣ ಊರುಗಳಲ್ಲಿ ದನಕರು, ಸಾಲಸೋಲಗಳ ವ್ಯಾಜ್ಯ ನಡೆಸುತ್ತಿದ್ದ ಡ್ಯಾರೋ 1887ರಲ್ಲಿ ಷಿಕಾಗೋ ಸೇರಿದರು. ಮುಂದೆ ರೈಲ್ವೆ ಕಂಪನಿಯೊಂದರ ವಕೀಲರಾದರು. 1894ರ ಪುಲ್‌ಮನ್ ಮುಷ್ಕರದಲ್ಲಿ ಆ ಸ್ಥಾನವನ್ನು ಬಿಟ್ಟು, ರೈಲ್ವೆ ಕಾರ್ಮಿಕರ ನಾಯಕ ಯೂಜೀನ್ ಡೆಬ್ಸ್ ಪರವಾಗಿ ನಿಂತರು. ಡೆಬ್ಸ್ ಆದರೂ ಸೆರೆಮನೆಗೆ ಹೋದರು. ಅದೇ ವರ್ಷ ಷಿಕಾಗೋ ಮೇಯರನನ್ನು ಕೊಂದ ಪ್ರೆಂಡರ್‌ಗಾಸ್ಟ್ ಎಂಬ ಬುದ್ಧಿವಿಕಲನನ್ನು ಉಳಿಸಲು ಹೋಗಿ ಸೋತರು, ಅವನು ನೇಣಿಗೇರಿದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಲಾಸ್ ಏಂಜಲೀಸ್ ಅಧ್ಯಾಯ. 1910ರ ಅಕ್ಟೋಬರಿನಲ್ಲಿ ಅಲ್ಲಿಯ ‘ಟೈಮ್ಸ್’ ಪತ್ರಿಕೆಯ ಕಟ್ಟಡ ಸಿಡಿಮದ್ದಿಗೆ ತುತ್ತಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆರೋಪಿಗಳು ಮೆಕ್‌ನಮಾರಾ ಸಹೋದರರು. ದೇಶದ ಕಾರ್ಮಿಕರು ಒಟ್ಟುಗೂಡಿಸಿದ ಹಣದಿಂದ ಡ್ಯಾರೋ ಅವರ ವಕೀಲರಾದರು. ಕಕ್ಷಿಗಾರರು ತಪ್ಪಿತಸ್ಥರೆಂದು ವಕೀಲರಿಗೆ ಅರಿವಾಯಿತು. 1911ರ ಡಿಸೆಂಬರ್ ಮೊದಲ ದಿನ ಇಬ್ಬರೂ ತಪ್ಪೊಪ್ಪಿಕೊಂಡರು. ಪ್ರಾಣ ಉಳಿಯಿತು; ನಂಬಿ ಕಾಸು ಕೊಟ್ಟಿದ್ದ ಕಾರ್ಮಿಕರು ಮುಖ ತಿರುಗಿಸಿದರು. ಅದಕ್ಕೆ ಕೆಲವೇ ದಿನ ಮೊದಲು ಜ್ಯೂರಿಯ ಸದಸ್ಯನಾಗಬಹುದಾದವನಿಗೆ ಲಂಚ ಕೊಡುವಾಗ ಡ್ಯಾರೋ ಅವರ ಪತ್ತೇದಾರನೊಬ್ಬ ನಡುಬೀದಿಯಲ್ಲಿ ಸಿಕ್ಕಿಬಿದ್ದಿದ್ದ. ವಕೀಲರೇ ಆರೋಪಿಯಾದರು.

ನಲವತ್ತು ವರ್ಷ ಕಟಕಟೆಯ ಹೊರಗೆ ನಿಂತು ಒಳಗಿನವರ ಮುಖ ನೋಡಿದ ನನಗೆ ಈ ಪುಟಗಳನ್ನು ಓದುವುದು ಕಷ್ಟವಾಯಿತು. 1912ರ ವಿಚಾರಣೆಯಲ್ಲಿ ಡ್ಯಾರೋ ತಮ್ಮ ಪರವಾಗಿ ತಾವೇ ಎದ್ದು ನಿಂತು ಕಣ್ಣೀರಿಡುತ್ತ ವಾದಿಸಿದರು. ಜ್ಯೂರಿ ಬಿಡುಗಡೆ ಮಾಡಿತು. ಮರುವರ್ಷದ ಎರಡನೆಯ ಆರೋಪದಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ. ಲಂಚದ ವಿಷಯ ಅವರಿಗೆ ಗೊತ್ತಿತ್ತೇ? ಇತಿಹಾಸಕಾರರು ಇಂದಿಗೂ ಎರಡು ಪಕ್ಷ. ಗೊತ್ತಿದ್ದಿರಬಹುದೆಂದೇ ನನ್ನ ಮನಸ್ಸು ಹೇಳುತ್ತದೆ. ಆದರೂ ಆ ಜ್ಯೂರಿಯಲ್ಲಿ ನಾನಿದ್ದಿದ್ದರೆ ಬಿಡುಗಡೆಗೇ ಮತ ಹಾಕುತ್ತಿದ್ದೆ. ಸಂಶಯದ ಲಾಭವನ್ನು ಇತರರಿಗೆ ಕೇಳುತ್ತ ಬದುಕಿದವನಿಗೆ ಅದನ್ನು ನಿರಾಕರಿಸುವುದು ನನ್ನಿಂದಾಗದು.

ಐವತ್ತಾರನೆಯ ವಯಸ್ಸಿನಲ್ಲಿ ಕೈ ಬರಿದಾಗಿ ಷಿಕಾಗೋಗೆ ಮರಳಿದರು. ಇಂದು ನಾವು ನೆನೆಯುವ ಡ್ಯಾರೋ ರೂಪುಗೊಂಡದ್ದು ಬಹುಮಟ್ಟಿಗೆ ಆಮೇಲೆ. 1924ರಲ್ಲಿ ಲಿಯೋಪೋಲ್ಡ್, ಲೋಬ್ ಎಂಬ ಸಿರಿವಂತರ ಮಕ್ಕಳು ಬಾಲಕನೊಬ್ಬನನ್ನು ಕೊಂದರು. ಡ್ಯಾರೋ ಅವರಿಂದ ತಪ್ಪೊಪ್ಪಿಸಿ ಜ್ಯೂರಿಯನ್ನೇ ದೂರವಿಟ್ಟರು. ಹನ್ನೆರಡು ಜನ ಹೊಣೆಯನ್ನು ಹಂಚಿಕೊಂಡಾರು, ಒಬ್ಬ ನ್ಯಾಯಾಧೀಶ ಒಂಟಿಯಾಗಿ ಹೊರಬೇಕು ಎಂಬ ಲೆಕ್ಕ ಎಂಥ ಅನುಭವದ್ದೆಂಬುದು ವೃತ್ತಿಯಲ್ಲಿದ್ದವರಿಗೆ ಗೊತ್ತು. ನೇಣು ತಪ್ಪಿತು. 1936ರಲ್ಲಿ ಲೋಬ್ ಸೆರೆಮನೆಯಲ್ಲಿ ಕೊಲೆಯಾದ. 1958ರಲ್ಲಿ ಲಿಯೋಪೋಲ್ಡ್ ಹೊರಬಂದ. ಟೆನೆಸ್ಸಿಯಲ್ಲಿ ವಿಕಾಸವಾದ ಕಲಿಸಿದ ಶಿಕ್ಷಕನ 1925ರ ಪ್ರಕರಣ ಎಲ್ಲರಿಗೂ ಗೊತ್ತಿರುವುದೇ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಡೆಟ್ರಾಯಿಟಿನದು: ಬಿಳಿಯರ ಬೀದಿಯಲ್ಲಿ ಮನೆ ಕೊಂಡ ಕರಿಯ ವೈದ್ಯ ಸ್ವೀಟ್ ಅವರ ಕುಟುಂಬವನ್ನು ಗುಂಪು ಮುತ್ತಿತು, ಮನೆಯೊಳಗಿನಿಂದ ಗುಂಡು ಹಾರಿ ಒಬ್ಬ ಸತ್ತ. 1926ರ ಮೇ ತಿಂಗಳಲ್ಲಿ ಬಿಳಿಯರಷ್ಟೇ ಇದ್ದ ಜ್ಯೂರಿ ವೈದ್ಯರ ತಮ್ಮನನ್ನು ನಿರ್ದೋಷಿಯೆಂದಿತು. ಆರು ವರ್ಷಗಳ ಬಳಿಕ ಹವಾಯಿಯಲ್ಲಿ ಸ್ಥಳೀಯನೊಬ್ಬನನ್ನು ಕೊಂದ ಬಿಳಿಯರ ಪರವಾಗಿ ಇದೇ ಡ್ಯಾರೋ ವಾದಿಸಿದ್ದನ್ನು ಮಾತ್ರ ನಾನು ಜೀರ್ಣಿಸಿಕೊಳ್ಳಲಾರೆ.

ಊಹೆ ನಿಜವಾದ ಅರ್ಧವೆಂದರೆ ಮನೆಯ ವಿಷಯ. 1880ರಲ್ಲಿ ಕೈಹಿಡಿದು 1897ರಲ್ಲಿ ವಿಚ್ಛೇದನ ಪಡೆದ ಜೆಸ್ಸಿಗೆ ಆ ದೊಡ್ಡ ಪುಸ್ತಕದಲ್ಲಿ ಸಂದದ್ದು ಕೆಲವೇ ಸಾಲು. 1903ರಲ್ಲಿ ಮದುವೆಯಾದ ರೂಬಿ ಲಾಸ್ ಏಂಜಲೀಸಿನ ಆ ಕರಾಳ ದಿನಗಳಲ್ಲಿ ಜೊತೆಗಿದ್ದರು. ಅವರಿಗೂ ಹೆಚ್ಚು ಪುಟಗಳಿಲ್ಲ. 1938ರ ಮಾರ್ಚ್ 13ರಂದು ಡ್ಯಾರೋ ತೀರಿಕೊಂಡರು. ಚಿತಾಭಸ್ಮವನ್ನು ಷಿಕಾಗೋದ ಜಾಕ್ಸನ್ ಉದ್ಯಾನದ ಕೊಳದಲ್ಲಿ ಬಿಟ್ಟರು. ಒಬ್ಬನೇ ಮಗ ಪಾಲ್ ವಕೀಲಿ ಹಿಡಿಯಲಿಲ್ಲ. ಏಕೆಂಬುದನ್ನು ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ. ನನ್ನ ಮಗನೂ ಕರಿಯ ಕೋಟು ತೊಡಲಿಲ್ಲ. ಏಕೆಂದು ನಾನು ಅವನನ್ನು ಇದುವರೆಗೆ ಕೇಳಿಲ್ಲ.