ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು

ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಯಾರನ್ನು ಆರಿಸಿಕೊಳ್ಳಬೇಕೆಂಬ ವಿಚಾರದಲ್ಲಿ ನಮಗೆ ಹೆಚ್ಚು ಯೋಚನೆ ಹಿಡಿಯಲಿಲ್ಲ. ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾವು ಪಾಠ ಹೇಳುವ ವೃತ್ತಿಗೆ ಬಂದು ಇನ್ನೂ ಒಂದು ವರ್ಷ ತುಂಬಿಲ್ಲ. ಬಂದ ಮೊದಲ ತಿಂಗಳಿನಲ್ಲಿ, ಮಳವಳ್ಳಿಯ ಕಡೆಯಿಂದ ಬರುವ ಹುಡುಗಿಯೊಬ್ಬಳು ತಾನೇ ಕಟ್ಟಿದ ಎಂಟು ಸಾಲಿನ ಪದ್ಯವನ್ನು ನಮ್ಮ ಮೇಜಿನ ಮೇಲೆ ಇಟ್ಟು ಹೋಗಿದ್ದಳು. ನಾವು ಕಾಗುಣಿತದ ತಪ್ಪುಗಳಿಗೆಲ್ಲ ಕೆಂಪು ಶಾಯಿಯ ಗೆರೆ ಎಳೆದು ಅದನ್ನು ಹಿಂದಕ್ಕೆ ಕೊಟ್ಟೆವು. ಪದ್ಯದ ವಿಚಾರವಾಗಿ ಒಂದು ಮಾತನ್ನೂ ಆಡಲಿಲ್ಲ. ಅವಳು ಮತ್ತೆ ಏನನ್ನೂ ತರಲಿಲ್ಲ. ಇದನ್ನು ಗಮನಿಸಿದ ಹಿರಿಯ ಉಪಾಧ್ಯಾಯಿನಿಯೊಬ್ಬರು ನಮ್ಮನ್ನು ಗದರಲಿಲ್ಲ. ಮಾರನೆಯ ದಿನ ತಮ್ಮ ಮನೆಯಿಂದ ‘ಇಂಗ್ಲಿಷ್ ಗೀತಗಳು’ ಎಂಬ ಹಳೆಯ ಪುಸ್ತಕವನ್ನು ತಂದು ನಮ್ಮ ಕೈಯಲ್ಲಿಟ್ಟು, ಇದನ್ನು ಬರೆದವರು ತಮ್ಮ ಶಿಷ್ಯರನ್ನು ಹೇಗೆ ನಡೆಸಿಕೊಂಡರೆಂಬುದನ್ನು ವಿಚಾರಿಸಿ ತಿಳಿದುಕೊಳ್ಳುವಂತೆ ಹೇಳಿದರು. ಹಾಗೆ ತಿಳಿದುಕೊಂಡುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡುತ್ತಿದ್ದೇವೆ.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು 1884ನೆಯ ಇಸವಿ ಜನವರಿ 3ರಂದು ತುಮಕೂರು ಸೀಮೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮದಲ್ಲಿ ಜನಿಸಿದರು. ಹೆಸರಿನ ಮೊದಲಲ್ಲಿರುವ ಬೆಳ್ಳೂರು ನಮ್ಮ ನಾಗಮಂಗಲ ತಾಲ್ಲೂಕಿನದು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು; ತಾಯಿ ಭಾಗೀರಥಮ್ಮನವರು. ಬಾಲ್ಯವೂ ಮೊದಲ ವಿದ್ಯಾಭ್ಯಾಸವೂ ಕಾವೇರಿಯ ನಡುವಣ ಆ ಪಟ್ಟಣದಲ್ಲಿಯೇ ನಡೆದುವು. ಆಗ್ಗೆ ಮಂಡ್ಯ ಜಿಲ್ಲೆಯೆಂಬುದೇ ಇರಲಿಲ್ಲ; ಅದು ಏರ್ಪಟ್ಟುದು 1939ರಲ್ಲಿ. ಆದರೂ ಬೆಳ್ಳೂರು, ಶ್ರೀರಂಗಪಟ್ಟಣಗಳೆರಡೂ ಈಗ ನಮ್ಮ ಜಿಲ್ಲೆಗೆ ಸೇರಿರುವುದರಿಂದ, ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ಹಕ್ಕು ಮಂಡ್ಯ, ಮದ್ದೂರು, ಮಳವಳ್ಳಿಗಳವರಾದ ನಮಗೆ ಇದೆಯೆಂದು ಭಾವಿಸುತ್ತೇವೆ. ಮುಂದೆ ಅವರ ಜೀವಮಾನದ ಬಹುಭಾಗ ಮೈಸೂರು ಬೆಂಗಳೂರುಗಳಲ್ಲಿಯೇ ಕಳೆಯಿತು. ಮದ್ದೂರು, ಮಂಡ್ಯದ ನಿಲ್ದಾಣಗಳನ್ನು ಹಾಯ್ದುಹೋಗುವ ರೈಲಿನಲ್ಲಿ ಅವರು ಎಷ್ಟು ಸಾರಿ ಹೋಗಿಬಂದಿರಬೇಕೋ!

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಬಿ.ಎ. ಓದಿದರು. ಆ ಕಾಲೇಜಿನಲ್ಲಿ ಆಗ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತಿದ್ದವರು ಜಾನ್ ಗತ್ರಿ ಟೇಟ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು. ಇವರು ಹೆಸರಾಂತ ಭೌತವಿಜ್ಞಾನಿಯೊಬ್ಬರ ಮಕ್ಕಳು. ತಮ್ಮ ದೇಶದ ಪರವಾಗಿ ರಗ್ಬಿ ಆಟವಾಡಿದವರು. ತರುವಾಯ ಅದೇ ಕಾಲೇಜಿನ ಪ್ರಿನ್ಸಿಪಾಲರಾದರು. ಇಂತಹವರ ತರಗತಿಯಲ್ಲಿ ಕುಳಿತು ಪಡೆದ ಇಂಗ್ಲಿಷ್ ಕವಿತೆಯ ರುಚಿ ಶ್ರೀಕಂಠಯ್ಯನವರನ್ನು ಕಡೆಯವರೆಗೂ ಬಿಡಲಿಲ್ಲ. ಪದವಿಯಾದ ಮೇಲೆ ಮದರಾಸಿಗೆ ಹೋಗಿ ಬಿ.ಎಲ್. ಪರೀಕ್ಷೆಯನ್ನೂ ಎಂ.ಎ. ಪರೀಕ್ಷೆಯನ್ನೂ ಮುಗಿಸಿದರು. ತಂದೆ ವಕೀಲರು, ಮಗನಿಗೆ ಕಾನೂನಿನ ಪದವಿಯೂ ದೊರೆತಿತ್ತು. ಆ ಕಾಲಕ್ಕೆ ವಕೀಲಿವೃತ್ತಿಯಲ್ಲಿ ಹಣವೂ ಇತ್ತು, ಊರಿನಲ್ಲಿ ಮರ್ಯಾದೆಯೂ ಇತ್ತು. ಅವರು ಅದನ್ನು ಹಿಡಿಯದೆ 1909ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಇಲ್ಲಿಂದ ಮುಂದಿನ ಕಥೆಯೇ ನಮಗೆ ಬಹಳ ಮುಖ್ಯವಾಗಿ ತೋರುವುದು. ಗುರುಗಳಿಂದ ಪಡೆದುದನ್ನು ಗುರುಗಳಿಗೆ ಹಿಂದಿರುಗಿಸುವುದು ಹೇಗೆ? ವಂದನೆಯನ್ನು ಹೇಳಬಹುದು, ಕಾಣಿಕೆಯನ್ನು ಕೊಡಬಹುದು. ಅಷ್ಟಕ್ಕೆ ಋಣ ತೀರುವುದಿಲ್ಲ. ಶ್ರೀಯವರು (ಅವರ ಕಾವ್ಯನಾಮವೂ ‘ಶ್ರೀ’ ಎಂದೇ) ಈ ಋಣವನ್ನು ತಮ್ಮ ಮುಂದೆ ಕುಳಿತ ಹುಡುಗರಿಗೆ ಸಲ್ಲಿಸಲು ತೊಡಗಿದರು. ಆಗಿನ ಕಾಲೇಜುಗಳ ಸ್ಥಿತಿಯನ್ನು ಈಗಿನ ಪೋಷಕರು ಊಹಿಸಿಕೊಳ್ಳುವುದು ಕಷ್ಟ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಬುದ್ಧಿವಂತನಾದ ವಿದ್ಯಾರ್ಥಿ ಕವಿತೆ ಬರೆಯಬೇಕೆಂದರೂ ಇಂಗ್ಲಿಷಿನಲ್ಲಿಯೇ ಬರೆಯುವನು. ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ ಓದಿದ ಕುಪ್ಪಳಿಯ ಪುಟ್ಟಪ್ಪನವರು ಮೊತ್ತಮೊದಲು ಅಚ್ಚು ಹಾಕಿಸಿದ ಪುಸ್ತಕವೂ ಇಂಗ್ಲಿಷ್ ಪದ್ಯಗಳದೇ, 1922ರಲ್ಲಿ. ಇಂತಹ ಕಾಲದಲ್ಲಿ ಇಂಗ್ಲಿಷ್ ಬೋಧಿಸುವುದಕ್ಕಾಗಿ ಸಂಬಳ ಪಡೆಯುತ್ತಿದ್ದ ಅಧ್ಯಾಪಕರೊಬ್ಬರು ಹುಡುಗರನ್ನು ಕನ್ನಡದ ಕಡೆಗೆ ತಿರುಗಿಸಲು ಹೊರಟರೆಂಬುದನ್ನು ನೆನೆಯಬೇಕು.

ಅಧ್ಯಾಪಕರಾಗಿ ಎರಡೇ ವರ್ಷ ಕಳೆದಿತ್ತು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ಕನ್ನಡ ಮಾತು ತಲೆ ಎತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಆ ಸಂಘವು 1890ರಲ್ಲಿಯೇ ಸ್ಥಾಪಿತವಾದುದು. ಧಾರವಾಡವು ಬೊಂಬಾಯಿ ಆಧಿಪತ್ಯಕ್ಕೆ ಸೇರಿತ್ತು. ಕನ್ನಡ ನಾಡು ಹಲವು ತುಂಡುಗಳಾಗಿದ್ದ ಆ ದಿನಗಳಲ್ಲಿ, ಮೈಸೂರಿನ ಇಪ್ಪತ್ತೇಳು ವರ್ಷದ ಉಪಾಧ್ಯಾಯರು ಉತ್ತರದ ಸಭೆಯ ಮುಂದೆ ನಿಂತು, ಹಳಗನ್ನಡದ ಮೇಲಣ ಗೌರವವನ್ನು ಬಿಡದೆ, ಜನ ಆಡುವ ಹೊಸಗನ್ನಡದಲ್ಲಿ ಸಾಹಿತ್ಯ ಹುಟ್ಟಬೇಕೆಂದು ವಾದಿಸಿದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ಎರಡು ವರ್ಷ ಬಾಯಿ ಮುಚ್ಚಿಕೊಂಡಿರುವುದೇ ಲೇಸೆಂದು ನಮಗೆ ಹಲವರು ಬುದ್ಧಿ ಹೇಳಿರುವುದರಿಂದ, ಈ ಸಂಗತಿಯನ್ನು ಓದಿದಾಗ ಸ್ವಲ್ಪ ಬೆರಗಾಯಿತೆಂದು ಒಪ್ಪಿಕೊಳ್ಳುತ್ತೇವೆ.

ವಾದಿಸಿದುದನ್ನು ತಾವೇ ಮಾಡಿ ತೋರಿಸಿದುದು ‘ಇಂಗ್ಲಿಷ್ ಗೀತಗಳು’ ಪುಸ್ತಕದಲ್ಲಿ. ಅದು 1926ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನಿಂದ ಕನ್ನಡಕ್ಕೆ ಕವಿತೆಗಳನ್ನು ತಂದವರಲ್ಲಿ ಅವರೇ ಮೊದಲಿಗರಲ್ಲ. ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’ 1919ರಲ್ಲಿಯೇ ಹೊರಬಂದಿತ್ತು. ಕರಾವಳಿಯಲ್ಲಿ ಪಂಜೆ ಮಂಗೇಶರಾಯರು, ಮಂಜೇಶ್ವರದ ಗೋವಿಂದ ಪೈಗಳು ಹೊಸ ದಾರಿಯನ್ನು ಆಗಲೇ ತುಳಿದಿದ್ದರು. ಆದರೆ ಶ್ರೀಯವರ ಪುಸ್ತಕವು ತರುಣರ ಕಿವಿಗೆ ಬಿದ್ದಂತೆ ಬೇರೆ ಯಾವುದೂ ಬೀಳಲಿಲ್ಲ. ಹಿಂದಿನ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರವೂ ಒಂದೇ ಆಗಿರಬೇಕೆಂಬ ಪ್ರಾಸದ ಕಟ್ಟು ಇತ್ತು. ಅದಕ್ಕಾಗಿ ಕವಿಗಳು ಬೇಡದ ಪದಗಳನ್ನು ಹುಡುಕಿ ತುಂಬಬೇಕಾಗುತ್ತಿತ್ತು. ಇವರು ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹಿಡಿದು ಸಾಲುಗಳನ್ನು ಬೇಕಾದಂತೆ ಉದ್ದ ಮಾಡಿ, ಮೊಟಕು ಮಾಡಿ, ಪ್ರಾಸವನ್ನು ಸಾಲಿನ ಕೊನೆಗೆ ಒಯ್ದು, ಮನೆಯಲ್ಲಿ ಆಡುವ ಮಾತುಗಳನ್ನೇ ಹಾಡಿಗೆ ಏರಿಸಿದರು. ನ್ಯಾಷ್ ಕವಿಯ ವಸಂತಗೀತೆಯ ಕನ್ನಡ ರೂಪವನ್ನು ನಮ್ಮ ಓದುಗರಲ್ಲಿ ಅನೇಕರು ಪ್ರೈಮರಿ ತರಗತಿಯಲ್ಲಿಯೇ ಬಾಯಿಪಾಠ ಮಾಡಿರಬಹುದು. ಹುಡ್ ಎಂಬ ಕವಿ, ಬಾಳಲಾರದೆ ನದಿಗೆ ಬಿದ್ದು ಸತ್ತ ದಿಕ್ಕಿಲ್ಲದ ತರುಣಿಯನ್ನು ಕುರಿತು ಬರೆದ ಕವಿತೆಯು ‘ದುಃಖಸೇತು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿದೆ. ಆ ಹೆಣ್ಣಿನ ತಪ್ಪನ್ನು ಎಣಿಸದೆ ಅವಳನ್ನು ಮೃದುವಾಗಿ ಎತ್ತಿಕೊಳ್ಳಬೇಕೆನ್ನುವ ಆ ಕವಿತೆಯನ್ನು ನಾವು ಹತ್ತನೆಯ ತರಗತಿಯಲ್ಲಿ ಓದಿದಾಗ, ಗಂಟೆ ಬಾರಿಸಿದ ಮೇಲೂ ಯಾರೂ ಏಳಲಿಲ್ಲ.

ಇದೇ ಪುಸ್ತಕದಲ್ಲಿರುವ ಇನ್ನೊಂದು ಗೀತೆಯನ್ನು ನಮ್ಮವರಿಗೆ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಜಾನ್ ಹೆನ್ರಿ ನ್ಯೂಮನ್ನರು 1833ರಲ್ಲಿ, ಕಾಯಿಲೆಯಿಂದ ಎದ್ದು ಸಿಸಿಲಿಯಿಂದ ತಾಯ್ನಾಡಿಗೆ ಹಿಂದಿರುಗುತ್ತ, ಗಾಳಿಯಿಲ್ಲದೆ ಹಡಗು ಸಮುದ್ರದ ಮಧ್ಯೆ ನಿಂತುಹೋದಾಗ ಬರೆದ ‘ಲೀಡ್, ಕೈಂಡ್ಲಿ ಲೈಟ್’ ಎಂಬ ಸ್ತೋತ್ರ ಅದರ ಮೂಲ. ಶ್ರೀಯವರು ಅದನ್ನು ಕನ್ನಡಕ್ಕೆ ತಂದ ಬಗೆಯಿಂದಾಗಿ ಮಿಷನ್ ಶಾಲೆಗಳಲ್ಲಿ ಮಾತ್ರವಲ್ಲದೆ, ಸರ್ಕಾರಿ ಶಾಲೆಗಳಲ್ಲಿಯೂ ಮಠದ ಶಾಲೆಗಳಲ್ಲಿಯೂ ಎಲ್ಲ ಮತದ ಮಕ್ಕಳೂ ಅದನ್ನು ತಮ್ಮ ಪ್ರಾರ್ಥನೆಯೆಂದೇ ಹಾಡುತ್ತ ಬಂದಿದ್ದಾರೆ. ಮೂಲವು ಇಂಗ್ಲಿಷಿನದೆಂದು ತಿಳಿಯದೆ ಹಾಡಿದವರೇ ಹೆಚ್ಚು. ಪುಸ್ತಕದ ಮೊದಲಲ್ಲಿರುವ ‘ಕಾಣಿಕೆ’ ಎಂಬ ಪದ್ಯದಲ್ಲಿ ಕವಿಯು ಎರಡು ನುಡಿಗಳನ್ನು ತಾನು ಒಲಿದ ಇಬ್ಬರು ಹೆಣ್ಣುಗಳಂತೆ ಕಂಡು, ಒಬ್ಬಳ ತೊಡುಗೆಯನ್ನು ಇನ್ನೊಬ್ಬಳಿಗೆ ತೊಡಿಸಿ ನೋಡುವ ಆಸೆಯನ್ನು ಹೇಳಿಕೊಂಡಿರುವರು.

ಪುಸ್ತಕ ಹೊರಬಂದ ವರ್ಷವೇ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆದರು. 1930ರವರೆಗೆ ಆ ಹುದ್ದೆಯಲ್ಲಿದ್ದರು. ಕಾಗದಪತ್ರಗಳ ಮಧ್ಯೆ ಉಪಾಧ್ಯಾಯ ಕಳೆದುಹೋಗುವುದು ಲೋಕದಲ್ಲಿ ಸಾಮಾನ್ಯ. ಇವರ ವಿಚಾರದಲ್ಲಿ ಅದು ತಿರುಗುಮುರುಗಾಯಿತು. 1927ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಪ್ರಾರಂಭವಾಯಿತು; ಅದಕ್ಕಾಗಿ ದುಡಿದವರಲ್ಲಿ ಇವರು ಪ್ರಮುಖರು. ತಳುಕಿನ ವೆಂಕಣ್ಣಯ್ಯನವರು ಅಲ್ಲಿ ಪಾಠ ಹೇಳಿದರು; ಶ್ರೀಯವರು ತಮ್ಮ ಕಛೇರಿಯ ಕೆಲಸದ ಜೊತೆಗೆ ಕನ್ನಡದ ಗೌರವ ಪ್ರಾಧ್ಯಾಪಕರೂ ಆದರು. ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಪುಟ್ಟಪ್ಪನವರು 1929ರಲ್ಲಿ ಆ ತರಗತಿಯಿಂದಲೇ ಕನ್ನಡ ಎಂ.ಎ. ಆಗಿ ಹೊರಬಂದರು. ಅವರು ತಮ್ಮ ‘ಶ್ರೀ ರಾಮಾಯಣದರ್ಶನಂ’ ಮಹಾಕಾವ್ಯವನ್ನು ಗುರು ವೆಂಕಣ್ಣಯ್ಯನವರಿಗೆ ಅರ್ಪಿಸಿರುವುದನ್ನು ಓದಿದವರೆಲ್ಲರೂ ಬಲ್ಲರು.

ಶ್ರೀಯವರ ಶಿಷ್ಯರನ್ನು ಹೆಸರಿಸಹೊರಟರೆ ಕನ್ನಡ ಸಾಹಿತ್ಯದ ಒಂದು ತಲೆಮಾರನ್ನೇ ಹೆಸರಿಸಬೇಕಾಗುವುದು: ಎಸ್. ವಿ. ರಂಗಣ್ಣನವರು, ತೀ. ನಂ. ಶ್ರೀಕಂಠಯ್ಯನವರು, ಡಿ. ಎಲ್. ನರಸಿಂಹಾಚಾರ್ಯರು, ನಮ್ಮ ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರು. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ಗುರುವನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು. ಶಿಷ್ಯರೂ ಮಿತ್ರರೂ ಕೂಡಿ 1941ರಲ್ಲಿ ‘ಸಂಭಾವನೆ’ ಎಂಬ ಗ್ರಂಥವನ್ನು ಅವರಿಗೆ ಒಪ್ಪಿಸಿದರು. ಕನ್ನಡಿಗರು ಅವರನ್ನು ಕನ್ನಡದ ಕಣ್ವರೆಂದು ಕರೆದರು. ಕಣ್ವರು ಶಕುಂತಲೆಯನ್ನು ಹೆತ್ತವರಲ್ಲ, ಸಾಕಿ ಬೆಳೆಸಿ ಕಳುಹಿಸಿಕೊಟ್ಟವರು. ಆ ಹೆಸರು ಬಲು ಯೋಗ್ಯವಾದುದು.

ಇಷ್ಟಕ್ಕೂ ಅವರು ತೆತ್ತ ಬೆಲೆಯೊಂದುಂಟು. ಅಂತಹ ಕೈಯಿಂದ ಬಂದ ಸ್ವಂತ ಕೃತಿಗಳು ಕಡಮೆ. ರನ್ನನ ಕಾವ್ಯವನ್ನು ನಾಟಕವಾಗಿ ತಿರುಗಿಸಿದ ‘ಗದಾಯುದ್ಧ ನಾಟಕಂ’ (1926), ಗ್ರೀಕ್ ಕವಿ ಸೋಫೊಕ್ಲೀಸನ ದುರಂತ ನಾಟಕವನ್ನು ಮಹಾಭಾರತದ ಕಥೆಗೆ ಹೊಂದಿಸಿದ ‘ಅಶ್ವತ್ಥಾಮನ್’ (1929), ಈಸ್ಕಿಲಸನ ನಾಟಕದ ಅನುವಾದ ‘ಪಾರಸಿಕರು’ (1935), ಕೆಲವು ಕವಿತೆಗಳು, ಲೇಖನಗಳು, ಭಾಷಣಗಳು. ನಾಟಕಗಳ ಹಳಗನ್ನಡ ನಮ್ಮ ಹುಡುಗಿಯರಿಗೆ ಸುಲಭವಾಗಿ ದಕ್ಕುವುದಿಲ್ಲ. ನಮಗೂ ನಿಘಂಟಿನ ನೆರವಿಲ್ಲದೆ ದಕ್ಕಲಿಲ್ಲ. ಜನ ಆಡುವ ಮಾತಿಗಾಗಿ ವಾದಿಸಿದವರು ಇಲ್ಲಿ ಏಕೆ ಹಿಂದಕ್ಕೆ ಸರಿದರೋ ಎಂದು ಕೇಳಬಹುದಾಗಿದೆ. ತರಗತಿ, ಸಭೆ, ಪರಿಷತ್ತುಗಳಿಗೆ ಕೊಟ್ಟ ಹೊತ್ತನ್ನು ಬರೆವಣಿಗೆಗೆ ಕೊಟ್ಟಿದ್ದರೆ ಇನ್ನೂ ಹತ್ತು ಪುಸ್ತಕಗಳು ಬರುತ್ತಿದ್ದುವೇನೋ. ಆ ಹತ್ತರ ಬದಲು ಶಿಷ್ಯರ ನೂರಾರು ಪುಸ್ತಕಗಳು ಬಂದುವು.

1928ರಲ್ಲಿ ಕಲಬುರಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1930ರಿಂದ 1942ರವರೆಗೆ, ತಾವು ಹುಡುಗನಾಗಿ ಕುಳಿತಿದ್ದ ಸೆಂಟ್ರಲ್ ಕಾಲೇಜಿನಲ್ಲಿಯೇ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. 1938ರಲ್ಲಿ ಮಹಾರಾಜರು ‘ರಾಜಸೇವಾಸಕ್ತ’ ಬಿರುದನ್ನಿತ್ತರು. ಅದೇ ವರ್ಷದಿಂದ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅವರು ಮಾಡಿದ ಕೆಲಸಗಳಲ್ಲಿ ಕನ್ನಡ ಪರೀಕ್ಷೆಗಳ ಏರ್ಪಾಟನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಸಲುವಾಗಿ ವಿಶೇಷವಾಗಿ ಹೇಳಬೇಕು. ಕಾವ, ಜಾಣ, ರತ್ನ ಎಂಬ ಈ ಪರೀಕ್ಷೆಗಳಿಗೆ ಕಾಲೇಜಿನ ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಬೇಗ ಮದುವೆಯಾಗಿ ಓದು ನಿಂತುಹೋದ ಹೆಣ್ಣುಮಕ್ಕಳು ಮನೆಗೆಲಸದ ನಡುವೆ ಓದಿ ಕಟ್ಟಬಹುದಾಗಿತ್ತು. ನಮ್ಮ ಓದುಗರಲ್ಲಿ ಕೆಲವರ ತಾಯಂದಿರು, ಅಜ್ಜಿಯರು ಜಾಣೆಯರಾದುದು ಹೀಗೆಯೇ ಇರಬಹುದು. ‘ಬೆಳ್ಳಿಮೋಡ’, ‘ಶರಪಂಜರ’ಗಳನ್ನು ಬರೆದ ತ್ರಿವೇಣಿಯವರು ಶ್ರೀಯವರ ಸಹೋದರನ ಮಗಳೆಂಬುದನ್ನೂ ಇಲ್ಲಿ ನೆನೆಯುವುದು ಸಲ್ಲುತ್ತದೆ.

1942ರಲ್ಲಿ ನಿವೃತ್ತರಾದ ಮೇಲೆ ವಿಶ್ರಾಂತಿಯಿಂದ ಇರಬಹುದಾಗಿತ್ತು. ಎರಡು ವರ್ಷಗಳಲ್ಲಿ, ಧಾರವಾಡದಲ್ಲಿ ಹೊಸದಾಗಿ ತೆರೆದ ಕೆ.ಇ. ಬೋರ್ಡಿನ ಕಾಲೇಜಿನ ಪ್ರಿನ್ಸಿಪಾಲರಾಗಿ ಹೊರಟುಹೋದರು. ಇಪ್ಪತ್ತೇಳರ ತರುಣನಾಗಿ ಮಾತಾಡಿದ ಊರಿಗೇ ಅರುವತ್ತರ ಹಿರಿಯರಾಗಿ ಪಾಠ ಹೇಳಲು ಹೋದರು. ಅಲ್ಲಿಯೇ 1946ರ ಜನವರಿ 5ರಂದು, ಅರುವತ್ತೆರಡು ವರ್ಷ ತುಂಬಿದ ಎರಡನೆಯ ದಿನ, ತೀರಿಕೊಂಡರು. 1979ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಪ್ರತಿಷ್ಠಾನವನ್ನು ಎಂ. ವಿ. ಸೀತಾರಾಮಯ್ಯನವರು ಸ್ಥಾಪಿಸಿದರು.

ಪುಸ್ತಕವನ್ನು ಹಿರಿಯ ಉಪಾಧ್ಯಾಯಿನಿಯವರಿಗೆ ಹಿಂದಿರುಗಿಸಿದ್ದೇವೆ. ಮಳವಳ್ಳಿಯ ಹುಡುಗಿಯನ್ನು ಕರೆದು ಅವಳ ಪದ್ಯವನ್ನು ಇನ್ನೊಮ್ಮೆ ಕೊಡುವಂತೆ ಕೇಳಿದೆವು, ಹರಿದು ಹಾಕಿದೆನೆಂದಳು. ಮೊನ್ನೆ ಬೇರೊಂದನ್ನು ತಂದಿದ್ದಾಳೆ. ಈ ಸಾರಿ ಕೆಂಪು ಶಾಯಿಯನ್ನು ಮುಟ್ಟದೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿ ಕೇಳಿದೆವು. ಮೂರನೆಯ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಿರುವುದನ್ನು ಅವಳೇ ಕಂಡುಹಿಡಿದಳು. ‘ಇಂಗ್ಲಿಷ್ ಗೀತಗಳು’ ಪುಸ್ತಕದ ಹಳೆಯ ಪ್ರತಿ ಯಾರ ಮನೆಯಲ್ಲಾದರೂ ಇದ್ದು, ಅದನ್ನು ಶಾಲೆಯ ಪುಸ್ತಕಭಂಡಾರಕ್ಕೆ ಕೊಡಲು ಮನಸ್ಸಿರುವ ಹಳೆಯ ವಿದ್ಯಾರ್ಥಿನಿಯರು ಶಾಲೆಯ ಕಛೇರಿಗೆ ತಿಳಿಸಬೇಕಾಗಿ ಬೇಡುತ್ತೇವೆ.