ಮೈಸೂರಿನಲ್ಲಿ ಕಲಿತು ಆಫ್ರಿಕಾಕ್ಕೆ ಕಲಿಸಿದ ವಾಸ್ತುಶಿಲ್ಪಿ

ಆಫ್ರಿಕಾದ ರಾಜಧಾನಿಗಳ ನಗರ ಯೋಜನೆಗೂ ಕರ್ನಾಟಕಕ್ಕೂ ನಂಟಿದೆ ಎಂದರೆ ಅನೇಕರಿಗೆ ಅಚ್ಚರಿಯಾದೀತು. ಆ ನಂಟಿನ ಕೊಂಡಿ ಒಟ್ಟೊ ಕೋನಿಗ್ಸ್‌ಬರ್ಗರ್. ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಅವರು ಉಷ್ಣವಲಯದ ದೇಶಗಳ ವಾಸ್ತುಶಿಲ್ಪಕ್ಕೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಪ್ರಮುಖರು.

1908ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದ ಅವರು ಅಲ್ಲಿಯೇ ಹೊಸ ಕಾಲದ ವಾಸ್ತುಶಿಲ್ಪವನ್ನು ಅಭ್ಯಾಸ ಮಾಡಿದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಯಹೂದಿ ಮೂಲದವರೆಂಬ ಕಾರಣಕ್ಕೆ ದೇಶ ತೊರೆಯಬೇಕಾಯಿತು. ಮೊದಲು ನೆರಳು ನೀಡಿದ್ದು ಈಜಿಪ್ಟಿನ ರಾಜಧಾನಿ ಕೈರೋ. ಅಲ್ಲಿ ಪುರಾತನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದ ಅವರು ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯ ಕುರಿತು ಡಾಕ್ಟರೇಟ್ ಪ್ರಬಂಧ ರಚಿಸಿದರು.

1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ದಿವಾನರಿಗೆ ಗುಮ್ಮಟ, ಕಮಾನುಗಳ ವೈಭವದಲ್ಲಿ ಒಲವು. ಜರ್ಮನಿಯಿಂದ ಬಂದ ಯುವಕನಿಗೆ ಸರಳ ಗೋಡೆ, ನೇರ ರೇಖೆಗಳಲ್ಲಿ ನಂಬಿಕೆ. ಈ ಎರಡರ ನಡುವೆ ಹೊಂದಿಕೊಂಡೇ ಕೆಲಸ ಸಾಗಬೇಕಿತ್ತು. ಬೆಂಗಳೂರಿನ ಬಸವನಗುಡಿಯಲ್ಲಿರುವ ಕೃಷ್ಣರಾವ್ ಉದ್ಯಾನದ ಮಂಟಪ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರ ಕೈಯಿಂದ ಬಂದವು. ಬಿಸಿಲು ಎಲ್ಲಿ ಬೀಳುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದನ್ನು ಮೊದಲು ನೋಡಿ ಆಮೇಲೆ ನಕ್ಷೆ ಬರೆಯುವ ಕ್ರಮ ಅವರಿಗೆ ರೂಢಿಯಾದದ್ದು ಇಲ್ಲಿಯೇ.

1948ರಲ್ಲಿ ಅವರು ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆ ರೂಪಿಸಿದರು. ಅದೇ ವರ್ಷ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಿಂದ ನೆಲೆ ಕಳೆದುಕೊಂಡು ಬಂದ ಲಕ್ಷಾಂತರ ಜನರಿಗೆ ಬೇಗನೆ ಸೂರು ಒದಗಿಸಬೇಕಿತ್ತು. ಕಾರ್ಖಾನೆಯಲ್ಲಿ ಗೋಡೆಗಳನ್ನು ತಯಾರಿಸಿ ತಂದು ಜೋಡಿಸುವ ದೆಹಲಿಯ ಯೋಜನೆ ಕೈಗೂಡಲಿಲ್ಲ, ಟೀಕೆಗಳ ಸುರಿಮಳೆಯಾಯಿತು. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್ನಿಗೆ ತೆರಳಿದರು.

ಅವರ ಮುಂದಿನ ಕೆಲಸಗಳಲ್ಲಿ ಬೇರೆಯದೇ ದಾರಿ ಕಾಣುತ್ತದೆ. 1954ರಲ್ಲಿ ವಿಶ್ವಸಂಸ್ಥೆಯ ತಂಡದೊಂದಿಗೆ ಅವರು ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾಕ್ಕೆ ಹೋದರು. ಅದಿನ್ನೂ ಬ್ರಿಟಿಷರ ವಸಾಹತು, ರಾಜಧಾನಿ ಅಕ್ರಾ. ಜನರು ಮಣ್ಣಿನ ಗೋಡೆಗಳನ್ನು ತಾವೇ ಎಬ್ಬಿಸಬಲ್ಲರು, ಹಣ ಸಾಲದೆ ಹೋಗುವುದು ಮೇಲ್ಛಾವಣಿ, ಬಾಗಿಲು, ಕಿಟಕಿಗಳಿಗೆ ಎಂಬುದನ್ನು ತಂಡ ಗಮನಿಸಿತು. ಸಿದ್ಧ ಮನೆ ಕೊಡುವ ಬದಲು ಅಷ್ಟಕ್ಕೇ ಸಾಲ ಕೊಡಿ ಎಂದು ಶಿಫಾರಸು ಮಾಡಿತು. ರಾಣೆಬೆನ್ನೂರು, ದೇವರಗುಡ್ಡ ಸೀಮೆಯ ರೈತರಿಗೂ ಈ ಕಷ್ಟ ಹೊಸದಲ್ಲ. ಗೋಡೆಗೆ ಮಣ್ಣು ಊರಿನಲ್ಲೇ ಸಿಗುತ್ತದೆ. ತೊಲೆ, ಹಂಚು, ತಗಡಿಗೆ ರೊಕ್ಕ ಬೇಕು.

1962ರಲ್ಲಿ ಅವರು ಮತ್ತೊಂದು ತಂಡದೊಂದಿಗೆ ನೈಜೀರಿಯಾದ ಅಂದಿನ ರಾಜಧಾನಿ ಲಾಗೋಸ್‌ಗೆ ಹೋದರು. ನಗರ ತನ್ನ ಎಲ್ಲೆ ಮೀರಿ ಬೆಳೆದಿತ್ತು, ಆಡಳಿತ ಮಾತ್ರ ಹರಿದು ಹಂಚಿಹೋಗಿತ್ತು. ನಗರ ಬೆಳೆಯುತ್ತಲೇ ಇರುವಾಗ ಅಂತಿಮ ನಕ್ಷೆಗಾಗಿ ಕಾಯದೆ, ತುರ್ತು ಕೆಲಸಗಳನ್ನು ಆರಂಭಿಸಿ ಯೋಜನೆಯನ್ನು ತಿದ್ದುತ್ತ ಸಾಗಬೇಕೆಂಬುದು ಅವರ ನಿಲುವು.

ಲಂಡನ್ನಿನಲ್ಲಿ ಉಷ್ಣವಲಯ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರಾಗಿ ಅವರು ಏಷ್ಯಾ, ಆಫ್ರಿಕಾಗಳ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಒಣ ಸೆಕೆಯ ನಾಡಿಗೆ ದಪ್ಪ ಗೋಡೆ, ತೇವದ ಸೆಕೆಯ ನಾಡಿಗೆ ಗಾಳಿ ಹಾಯುವ ತೆರೆದ ಮನೆ ಎಂಬಂತಹ ಸೂತ್ರಗಳನ್ನು ಲೆಕ್ಕಾಚಾರ ಸಹಿತ ವಿವರಿಸುವ ಪಠ್ಯವನ್ನು ಸಹಲೇಖಕರೊಂದಿಗೆ ರಚಿಸಿದರು.

1999ರ ಜನವರಿಯಲ್ಲಿ ಲಂಡನ್ನಿನಲ್ಲಿ ಅವರು ನಿಧನರಾದಾಗ ತೊಂಬತ್ತು ವರ್ಷ. ನಾಡಿಲ್ಲದೆ ಅಲೆದ ಈ ಮನುಷ್ಯ ಕಂಡುಕೊಂಡ ಸತ್ಯ ಸರಳವಾದುದು: ಮನೆಯನ್ನು ಹೊರಗಿನಿಂದ ತಂದು ನಿಲ್ಲಿಸಲಾಗದು, ಅದು ಆಯಾ ನೆಲದ ಬಿಸಿಲು, ಗಾಳಿ ಮತ್ತು ಜನರ ಕೈಗಳಿಂದಲೇ ಏಳಬೇಕು.