ನಾದಸಾಧಕ ಜೋಸೆಫ್ ಕೆಕುಕು

ಪೆಸಿಫಿಕ್ ಮಹಾಸಾಗರದ ನಡುವೆ, ಯಾವ ಖಂಡಕ್ಕೂ ಸಮೀಪವಲ್ಲದ ಎಡೆಯಲ್ಲಿ, ಹವಾಯಿ ದ್ವೀಪಗಳಿವೆ. ಜ್ವಾಲಾಮುಖಿಗಳಿಂದ ಮೈದಳೆದ ಆ ನೆಲದಲ್ಲಿ ಹಾಡು ಮತ್ತು ನೃತ್ಯಗಳು ಜನಜೀವನದ ಉಸಿರಾಗಿವೆ. ಹವಾಯಿಯ ಹೆಸರನ್ನು ಕೇಳಿದೊಡನೆ ಸಂಗೀತ ಬಲ್ಲವರ ಕಿವಿಯಲ್ಲಿ ಮೊಳಗುವುದು ಒಂದು ವಿಶಿಷ್ಟವಾದ ನಾದ. ಒಂದು ಸ್ವರದಿಂದ ಮತ್ತೊಂದು ಸ್ವರಕ್ಕೆ ನೆಗೆಯದೆ, ಅಲೆಯಂತೆ ಜಾರಿ ಸಾಗುವ ನಾದವದು. ಗಿಟಾರನ್ನು ಮಡಿಲಲ್ಲಿ ಅಡ್ಡಲಾಗಿ ಮಲಗಿಸಿ, ಅದರ ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸಿ ಈ ನಾದವನ್ನು ಹೊರಡಿಸುತ್ತಾರೆ. ಈ ಬಗೆಯ ವಾದನವನ್ನು ಒಂದು ವಿದ್ಯೆಯಾಗಿ ಬೆಳೆಸಿ, ಕಡಲಾಚೆಗೂ ಕೊಂಡೊಯ್ದವನು ಜೋಸೆಫ್ ಕೆಕುಕು.

ಗಿಟಾರ್ ಹವಾಯಿಯ ಮೂಲ ವಾದ್ಯವಲ್ಲ. 1793ರಲ್ಲಿ ಜಾರ್ಜ್ ವ್ಯಾಂಕೂವರ್ ಎಂಬ ಆಂಗ್ಲ ನಾವಿಕನು ದನಗಳನ್ನು ತಂದು ದೊರೆ ಕಮೆಹಮೆಹನಿಗೆ ಕಾಣಿಕೆಯಾಗಿ ಕೊಟ್ಟನು. ಅವು ಬೆಳೆದು ಕಾಡುಪಾಲಾದಾಗ, ಅವನ್ನು ಹಿಡಿದು ಪಳಗಿಸಲು 1830ರ ದಶಕದಲ್ಲಿ ಮೆಕ್ಸಿಕೊದ ನುರಿತ ದನಗಾಹಿಗಳನ್ನು ಕರೆಸಲಾಯಿತು. ಅವರೊಡನೆ ಗಿಟಾರ್ ಬಂದಿತು. ಹವಾಯಿಯ ಜನರು ಅದನ್ನು ಕೈಗೆತ್ತಿಕೊಂಡು, ತಂತಿಗಳನ್ನು ಸಡಿಲಿಸಿ, ತಮ್ಮ ಹಾಡುಗಳಿಗೆ ಒಪ್ಪುವಂತೆ ಹೊಸ ಶ್ರುತಿಗಳನ್ನು ಕಟ್ಟಿಕೊಂಡರು. ಈ ಶ್ರುತಿಯಲ್ಲಿ ಕೈಯಿಡದೆ ಬರಿದೇ ತಂತಿಗಳನ್ನು ಮೀಟಿದರೂ ಹೊಂದಿಕೆಯಾದ ಸ್ವರಗಳೇ ಹೊರಡುತ್ತಿದ್ದವು. ಮುಂದೆ ಕೆಕುಕು ಕಟ್ಟಿದ ಸೌಧಕ್ಕೆ ಇದೇ ಅಡಿಪಾಯವಾಯಿತು.

ಕೆಕುಕು ಹುಟ್ಟಿದ್ದು 1874ರ ಡಿಸೆಂಬರ್ ತಿಂಗಳಲ್ಲಿ, ಓಆಹು ದ್ವೀಪದ ಕಡಲ ತೀರದಲ್ಲಿರುವ ಲಾಯಿಯೆ ಎಂಬ ಪುಟ್ಟ ಊರಿನಲ್ಲಿ. ಅವನ ಪೂರ್ಣ ಹೆಸರು ಬಹಳ ಉದ್ದವಾದುದು. ದೊರೆ ಕಮೆಹಮೆಹನ ಹೆಸರೂ ಅದರಲ್ಲಿ ಅಡಗಿತ್ತು. ಲೋಕವು ಅವನನ್ನು ಅರಿತದ್ದು ಕೆಕುಕು ಎಂಬ ಕಿರುಹೆಸರಿನಿಂದ. ಅವನ ಬಂಧುವಾದ ಸ್ಯಾಮುಯೆಲ್ ನೈನೋವ ಎಂಬ ಹುಡುಗನು ಪಿಟೀಲು ನುಡಿಸುತ್ತಿದ್ದನು. ಇಬ್ಬರೂ ಹೊನೊಲುಲುವಿನ ಕಮೆಹಮೆಹ ಬಾಲಕರ ಶಾಲೆಯಲ್ಲಿ ಓದಿದರು. ರಾಜಕುಮಾರಿ ಬರ್ನೀಸ್ ಪೌವಾಹಿ ಬಿಷಪ್ ತನ್ನ ಆಸ್ತಿಯನ್ನು ಹವಾಯಿಯ ಮಕ್ಕಳ ವಿದ್ಯೆಗೆಂದು ಉಯಿಲು ಬರೆದಿಟ್ಟ ಫಲವಾಗಿ 1887ರಲ್ಲಿ ಆರಂಭವಾದ ಶಾಲೆಯದು. ಅಲ್ಲಿ ಓದುಬರೆಹದೊಡನೆ ಕೈಕಸುಬುಗಳನ್ನೂ ಕಲಿಸುತ್ತಿದ್ದರು.

ಆ ಕಾಲದ ಒಂದು ಘಟನೆ ದಂತಕಥೆಯಂತೆ ಪ್ರಚಾರದಲ್ಲಿದೆ. ಬಾಲಕ ಕೆಕುಕು ಗಿಟಾರ್ ನುಡಿಸುತ್ತ ರೈಲುಹಳಿಯ ಪಕ್ಕದಲ್ಲಿ ನಡೆಯುತ್ತಿದ್ದಾಗ ನೆಲದ ಮೇಲೆ ಬಿದ್ದಿದ್ದ ಬೋಲ್ಟೊಂದು ಅವನಿಗೆ ಸಿಕ್ಕಿತಂತೆ. ಅದು ತಂತಿಗೆ ತಗುಲಿದಾಗ ಹೊರಟ ಹೊಸ ದನಿ ಅವನನ್ನು ಸೆರೆಹಿಡಿಯಿತಂತೆ. ಬಾಚಣಿಗೆ ತಂತಿಗೆ ತಾಗಿದ್ದೇ ಮೊದಲೆಂದು ಹೇಳುವವರೂ ಉಂಟು. ಮೊದಲು ತಾಗಿದ್ದು ಯಾವುದೇ ಆಗಿರಲಿ, ಹಾಗೆ ಆಕಸ್ಮಿಕವಾಗಿ ಕೇಳಿದ ದನಿಯನ್ನು ಹಲವರು ಮರೆತುಬಿಡುತ್ತಾರೆ. ಕೆಕುಕು ಮರೆಯಲಿಲ್ಲ. ಕೈಗೆ ದೊರೆತ ಬಗೆಬಗೆಯ ವಸ್ತುಗಳನ್ನು ತಂತಿಯ ಮೇಲೆ ಆಡಿಸಿ ನೋಡಿದನು. ಕಡೆಗೆ ಶಾಲೆಯ ಕಾರ್ಯಾಗಾರದಲ್ಲಿ, ಅಂಗೈಯಲ್ಲಿ ಹಿಡಿಯಲು ಒದಗುವಂತಹ ನುಣುಪಾದ ಉಕ್ಕಿನ ತುಂಡೊಂದನ್ನು ತಾನೇ ರೂಪಿಸಿಕೊಂಡನು.

ಉಪಕರಣ ಸಿದ್ಧವಾದ ಮಾತ್ರಕ್ಕೆ ವಿದ್ಯೆ ಸಿದ್ಧಿಸಲಿಲ್ಲ. ಉಕ್ಕು ತಂತಿಯನ್ನು ಒತ್ತಿದಾಗ ತಂತಿ ಕೆಳಗಿನ ಮೆಟ್ಟುಗಳಿಗೆ ಬಡಿದು ಕರ್ಕಶವಾಗಿ ಸದ್ದು ಮಾಡುತ್ತಿತ್ತು. ಇದನ್ನು ತಪ್ಪಿಸಲು ತಂತಿಗಳನ್ನು ಮೇಲಕ್ಕೆ ಎತ್ತರಿಸಬೇಕಾಯಿತು. ಕರುಳಿನ ತಂತಿಗಳಲ್ಲಿ ನಾದ ಬೇಗನೆ ಆರಿಹೋಗುತ್ತಿದ್ದುದರಿಂದ ಅವುಗಳ ಎಡೆಯಲ್ಲಿ ಉಕ್ಕಿನ ತಂತಿಗಳು ಬಂದವು. ಅನಂತರದ ಕಷ್ಟ ಕಲಿಯುವವನ ಕೈಯದು. ಸಾಮಾನ್ಯ ಗಿಟಾರಿನಲ್ಲಿ ಬೆರಳು ತುಸು ಅತ್ತಿತ್ತ ಬಿದ್ದರೂ ಮೆಟ್ಟು ಸ್ವರವನ್ನು ಕಾಪಾಡುತ್ತದೆ. ಮಡಿಲ ಗಿಟಾರಿನಲ್ಲಿ ಅಂತಹ ರಕ್ಷಣೆಯಿಲ್ಲ. ಉಕ್ಕು ಕೂದಲೆಳೆಯಷ್ಟು ಸರಿದರೂ ಸ್ವರ ಅಪಸ್ವರವಾಗುತ್ತದೆ. ಬಲವಾಗಿ ಒತ್ತಿದರೆ ಶ್ರುತಿ ಏರುತ್ತದೆ. ಸಡಿಲವಾಗಿ ಹಿಡಿದರೆ ತಂತಿ ಗೊರಗುಟ್ಟುತ್ತದೆ. ಉಕ್ಕಿನ ಹಿಂದೆ ಉಳಿದ ತಂತಿಯ ಭಾಗ ತಾನಾಗಿಯೇ ಮಿಡಿಯದಂತೆ ಬೆರಳುಗಳಿಂದ ಮೃದುವಾಗಿ ತಡೆಯಬೇಕು. ಇಲ್ಲಿ ಕಿವಿಯೇ ಗುರು, ತಾಳ್ಮೆಯೇ ದಾರಿ. ನಮ್ಮ ನಾಡಿನ ಗೋಟುವಾದ್ಯವನ್ನು ನುಡಿಸುವವರಿಗೂ ಈ ಪರೀಕ್ಷೆ ತಪ್ಪಿದ್ದಲ್ಲ. ಈ ವಿದ್ಯೆ ಕೈಗೂಡಲು ಕೆಕುಕುವಿಗೆ ಏಳು ವರ್ಷಗಳು ಹಿಡಿದವೆಂದು ಹೇಳುತ್ತಾರೆ.

ಅವನು ತನ್ನ ಶೋಧನೆಯನ್ನು ಗುಟ್ಟಾಗಿ ಬಚ್ಚಿಡಲಿಲ್ಲ. ಶಾಲೆಯ ಗೆಳೆಯರು ಅವನ ವಾದನಕ್ಕೆ ಕಿವಿಗೊಟ್ಟರು, ಕೈಗಳನ್ನು ನೋಡಿದರು, ತಾವೂ ಕಲಿತರು. ರಜೆಯಲ್ಲಿ ಊರೂರಿಗೆ ಮರಳಿದ ಹುಡುಗರೊಡನೆ ಹೊಸ ವಾದನವೂ ದ್ವೀಪದಿಂದ ದ್ವೀಪಕ್ಕೆ ಹರಡಿತು. ಒಬ್ಬನಲ್ಲೇ ಉಳಿದಿದ್ದರೆ ಅದು ಚಮತ್ಕಾರವಾಗಿ ಮುಗಿದುಹೋಗುತ್ತಿತ್ತು. ಜೊತೆಗಾರರು ದೊರೆತುದರಿಂದ ಪರಂಪರೆಯಾಯಿತು.

ಕೆಕುಕುವಿನ ತಾರುಣ್ಯವು ಅವನ ನಾಡಿನ ದುಃಖದ ಕಾಲವಾಗಿತ್ತು. ಕಬ್ಬಿನ ತೋಟಗಳ ಸಂಪತ್ತಿನಿಂದ ಪ್ರಬಲರಾಗಿದ್ದ ಹೊರನಾಡ ಮೂಲದವರು 1893ರಲ್ಲಿ ರಾಣಿ ಲಿಲಿವೊಕಲಾನಿಯನ್ನು ಸಿಂಹಾಸನದಿಂದ ಇಳಿಸಿದರು. ಆಕೆ ಸ್ವತಃ ಹಾಡುಗಳನ್ನು ರಚಿಸಿದ ಕಲಾವಿದೆ. 1896ರ ಕಾನೂನು ಇಂಗ್ಲಿಷನ್ನು ಶಾಲೆಗಳ ಬೋಧನಭಾಷೆಯನ್ನಾಗಿ ಮಾಡಿತು. ಹವಾಯಿಯ ನುಡಿ ತರಗತಿಯಿಂದ ಹೊರಬಿದ್ದಿತು. 1898ರಲ್ಲಿ ದ್ವೀಪಗಳು ಅಮೆರಿಕದಲ್ಲಿ ವಿಲೀನಗೊಂಡವು. ರಾಜ್ಯ ಹೋಯಿತು, ಭಾಷೆಗೆ ಕುತ್ತು ಬಂದಿತು. ಆದರೆ ಹಾಡು ಉಳಿಯಿತು. ಶಾಲೆಯ ಬಾಗಿಲಲ್ಲಿ ತಡೆಯಲ್ಪಟ್ಟ ನುಡಿಯು ಗಾಯಕರ ಕಂಠದಲ್ಲಿ ಬಾಳಿತು. ಕಂಠಕ್ಕೆ ಜೊತೆಯಾಗಿ ಉಕ್ಕಿನ ಗಿಟಾರ್ ಮಿಡಿಯಿತು.

1904ರಲ್ಲಿ ಕೆಕುಕು ತಾಯ್ನಾಡನ್ನು ಬಿಟ್ಟು ಅಮೆರಿಕಕ್ಕೆ ಹೊರಟನು. ತನ್ನದೇ ಪಂಚವಾದ್ಯಮೇಳವನ್ನು ಕಟ್ಟಿಕೊಂಡು ನಗರದಿಂದ ನಗರಕ್ಕೆ ಸಂಚರಿಸಿ ರಂಗಮಂದಿರಗಳಲ್ಲಿ ನುಡಿಸಿದನು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಮಹಾಪ್ರದರ್ಶನದ ಹವಾಯಿ ಮಂಟಪದಲ್ಲಿ ದ್ವೀಪದ ಸಂಗೀತಗಾರರನ್ನು ಕೇಳಿದ ಜನರು ಮನಸೋತರು. ಅಲ್ಲಿಂದ ಮುಂದೆ ಹವಾಯಿ ಸಂಗೀತದ ಅಲೆ ಅಮೆರಿಕವನ್ನೇ ಆವರಿಸಿತು. 1919ರಲ್ಲಿ ಕೆಕುಕು ಸ್ವರ್ಗದ ಹಕ್ಕಿ ಎಂಬ ಅರ್ಥದ ಹೆಸರಿನ ಪ್ರಸಿದ್ಧ ನಾಟಕದ ತಂಡದೊಡನೆ ಯೂರೋಪಿಗೆ ತೆರಳಿದನು. ಎಂಟು ವರ್ಷಗಳ ಆ ಸಂಚಾರದಲ್ಲಿ, ಹವಾಯಿ ಎಲ್ಲಿದೆಯೆಂದು ಅರಿಯದಿದ್ದ ಜನರಿಗೂ ಅದರ ನಾದ ಪರಿಚಯವಾಯಿತು.

ಹಿಂದಿರುಗಿದ ಮೇಲೆ ಅವನು ಚಿಕಾಗೊ ನಗರದಲ್ಲಿ ನೆಲೆಸಿ ಸಂಗೀತಶಾಲೆಯನ್ನು ನಡೆಸಿದನು. ಬಾಲ್ಯದಲ್ಲಿ ಗುರುವಿಲ್ಲದೆ ತಡವರಿಸಿ ಕಲಿತವನು ಈಗ ಅನೇಕರಿಗೆ ಗುರುವಾದನು. ತಾನು ವರ್ಷಗಟ್ಟಲೆ ಅರಸಿ ಕಂಡುಕೊಂಡ ದಾರಿಯನ್ನು ಹೊಸಬರಿಗೆ ಮೊದಲ ದಿನವೇ ತೋರಿಸಬಲ್ಲವನಾದನು. ಕಡೆಯ ದಿನಗಳನ್ನು ನ್ಯೂಜೆರ್ಸಿ ಪ್ರಾಂತದಲ್ಲಿ ಕಳೆದು, 1932ರ ಜನವರಿಯಲ್ಲಿ, ತನ್ನ ಐವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಸಮಾಧಿ ಇರುವುದು ಹುಟ್ಟೂರಿನ ಕಡಲಿನಿಂದ ಸಾವಿರಾರು ಮೈಲಿ ದೂರದ ಡೋವರ್ ಪಟ್ಟಣದಲ್ಲಿ.

ಈ ವಾದನವನ್ನು ಕಂಡುಹಿಡಿದವನು ಕೆಕುಕು ಒಬ್ಬನೇ ಅಲ್ಲವೆಂಬ ವಾದವೂ ಇದೆ. ಜೇಮ್ಸ್ ಹೋವ ಎಂಬವನ ಹೆಸರನ್ನೂ, ಭಾರತದಲ್ಲಿ ಹುಟ್ಟಿ ಹವಾಯಿ ಸೇರಿದನೆನ್ನಲಾದ ಗೇಬ್ರಿಯಲ್ ಡೇವಿಯನ್ ಎಂಬ ನಾವಿಕನ ಹೆಸರನ್ನೂ ಕೆಲವರು ಮುಂದಿಡುತ್ತಾರೆ. ತಂತಿಯ ಮೇಲೆ ವಸ್ತುವನ್ನು ಜಾರಿಸುವುದು ಹಲವರಿಗೆ ಹೊಳೆದಿರಬಹುದು. ಆದರೆ ಆ ಹೊಳಹನ್ನು ಹಿಡಿದು, ಅದಕ್ಕೆ ತಕ್ಕ ಉಪಕರಣವನ್ನು ರೂಪಿಸಿ, ಬಾಳನ್ನೇ ಅದಕ್ಕೆ ಮುಡಿಪಾಗಿಟ್ಟು ಕಲಿತು ಕಲಿಸಿದ ಹಿರಿಮೆ ಕೆಕುಕುವಿನದು.

ಅವನು ಕಣ್ಮುಚ್ಚಿದ ವರ್ಷವೇ ಅಮೆರಿಕದ ಮಾರುಕಟ್ಟೆಗೆ ವಿದ್ಯುತ್ ಗಿಟಾರ್ ಬಂದಿತು. ರಿಕನ್‌ಬ್ಯಾಕರ್ ಸಂಸ್ಥೆಯ ಆ ವಾದ್ಯವು ಬಾಣಲೆಯ ಆಕಾರದ, ಮಡಿಲಲ್ಲಿಟ್ಟು ನುಡಿಸುವ ಹವಾಯಿ ಗಿಟಾರೇ ಆಗಿತ್ತು. ಅವನ ಊರಾದ ಲಾಯಿಯೆಯಲ್ಲೇ ಬೆಳೆದ ಟೌ ಮೋ ಎಂಬ ವಾದಕನು ಕುಟುಂಬಸಮೇತನಾಗಿ ದೇಶದೇಶಗಳನ್ನು ಸುತ್ತಿ, 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ಈ ವಿದ್ಯೆಯನ್ನು ಪ್ರಚಾರಗೊಳಿಸಿದನು. ಮುಂದೆ ಬ್ರಿಜ್ ಭೂಷಣ್ ಕಾಬ್ರಾ ಅವರು ಹವಾಯಿ ಗಿಟಾರಿನಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ಅದನ್ನೇ ಮಾರ್ಪಡಿಸಿ ಮೋಹನವೀಣೆಯನ್ನು ರೂಪಿಸಿದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಹೀಗೆ ದೂರದ ದ್ವೀಪದ ಬಾಲಕನೊಬ್ಬನ ಸಾಧನೆಯು ನಮ್ಮ ರಾಗಸಂಗೀತಕ್ಕೂ ಹೊಸದೊಂದು ದನಿಯನ್ನು ತಂದಿತು.

1993ರಲ್ಲಿ ಅಮೆರಿಕದ ಉಕ್ಕಿನ ಗಿಟಾರ್ ವಾದಕರು ತಮ್ಮ ಗೌರವಪಟ್ಟಿಯಲ್ಲಿ ಕೆಕುಕುವಿನ ಹೆಸರನ್ನು ಸೇರಿಸಿದರು. 2015ರಲ್ಲಿ ಲಾಯಿಯೆಯಲ್ಲಿ ಅವನ ಪ್ರತಿಮೆ ಸ್ಥಾಪನೆಯಾಯಿತು. ಊರನ್ನು ಬಿಟ್ಟು ಹೋದವನು ಬಹುಕಾಲದ ಮೇಲೆ ಊರಿಗೆ ಮರಳಿದಂತಾಯಿತು. ಆದರೂ ಅವನ ನಿಜವಾದ ಸ್ಮಾರಕವು ಕಲ್ಲು ಲೋಹಗಳಲ್ಲಿಲ್ಲ. ಜಗತ್ತಿನ ಯಾವುದೋ ಮೂಲೆಯಲ್ಲಿ ಇಂದು ಗಿಟಾರನ್ನು ಮೊದಲ ಬಾರಿಗೆ ಮಡಿಲಲ್ಲಿ ಇರಿಸಿಕೊಂಡು, ಅಪಸ್ವರಕ್ಕೆ ಅಳುಕದೆ ಉಕ್ಕನ್ನು ಮತ್ತೆ ಮತ್ತೆ ಸರಿಸಿ ಸ್ವರಸ್ಥಾನವನ್ನು ಅರಸುವ ವಿದ್ಯಾರ್ಥಿಯಲ್ಲಿ ಅದು ಜೀವಂತವಾಗಿದೆ.